ಪೂಜೆ ಆಯ್ತು ಅಂದ ಬೆಳಿಗ್ಗೆ

ಮೊಮ್ಮಕ್ಕಳೇ, ಈ ಸಲ ಗೌರಿ ಹಬ್ಬಕ್ಕೆ ನಿಮ್ಮ ಮೂವರಲ್ಲಿ ದೊಡ್ಡವಳು ಹಾಸ್ಟೆಲಿನಿಂದ ಬಂದಿದ್ದಳು. ಅವಳಿಗೆ ಈಗ ನರ್ಸಿಂಗ್ ಎರಡನೇ ವರ್ಷ. ಊಟಕ್ಕೆ ಕೂತಾಗ ಆಸ್ಪತ್ರೆಯ ಸಮಾಚಾರ ತೆಗೆದಳು. ಬೆಳಿಗ್ಗೆ ಏಳಕ್ಕೆ ಹೋದರೆ ಅರ್ಧ ವಾರ್ಡು ತನ್ನ ಕೈಯಲ್ಲೇ ಇರುತ್ತದಂತೆ. ಜ್ವರ ನೋಡುವುದು, ಬಿಪಿ ನೋಡುವುದು, ಗಾಯ ತೊಳೆದು ಕಟ್ಟುವುದು, ಇಂಜೆಕ್ಷನ್ ಕೊಡುವುದು, ಎಲ್ಲ ತಾನೇ. ಸ್ಟಾಫ್ ಸಿಸ್ಟರ್ ಟೇಬಲ್ಲು ಬಿಟ್ಟು ಏಳುವುದಿಲ್ಲವಂತೆ, ಕೊನೆಗೆ ಪುಸ್ತಕದಲ್ಲಿ ಸೈನು ಹಾಕುತ್ತಾರಂತೆ. ನಿಮ್ಮಪ್ಪನ ಮುಖ ಅಗಲವಾಯಿತು. "ನೋಡವ್ವ, ನನ್ ಮಗ್ಳು ಇವಾಗ್ಲೇ ಅರ್ಧ ಡಾಕ್ಟ್ರಾಗವ್ಳೆ" ಎಂದ.

ನಾನು ಅವಳ ತಟ್ಟೆಗೆ ಮಜ್ಜಿಗೆ ಬಡಿಸುತ್ತಾ, ಒಬ್ಬಳೇ ಕೊಡುತ್ತೀಯಾ, ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲವಾ ಎಂದು ಕೇಳಿದೆ. ಅವಳು ನಕ್ಕಳು.

"ತಾತಂಗೆ ಕೊಟ್ಟೋಳ ಥರ ಅಲ್ಲ ಕಣಜ್ಜಿ ನಾನು. ನಾನು ಹುಷಾರು."

ನಾನು ಮಜ್ಜಿಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಮಾತಾಡಬೇಕಾದ ಕಡೆ ಎದ್ದು ಒಳಗೆ ಹೋಗಿಬಿಡುವುದು ನನಗೆ ಮೊದಲಿನಿಂದಲೂ ಬಂದ ಬುದ್ಧಿ. ನುಗ್ಗೇಹಳ್ಳಿ ಹತ್ತಿರದ ಸಣ್ಣ ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ತನಕ ಓದಿದೆ. ಮೇಷ್ಟರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಸ್ಲೇಟಿನಲ್ಲಿ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಅವಳು ಎದ್ದು ಹೇಳಿ ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದಳು. ಇವತ್ತೂ ಅಷ್ಟೇ, ನನ್ನ ಬಾಯಿಗೆ ಬಾರದ್ದನ್ನು ಬರೆದು ತೋರಿಸುತ್ತಿದ್ದೇನೆ.

ನಿಮಗೆ ಗೊತ್ತಿರುವ ಕಥೆ ಇಷ್ಟು: ಹಾಸನದ ಆಸ್ಪತ್ರೆಯಲ್ಲಿ ಇನ್ನೂ ಕಲಿಯುತ್ತಿದ್ದ ಒಬ್ಬ ಹುಡುಗಿ, ಕೇಳದೆ ಮಾಡದೆ ತಾತನಿಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿದಳು, ತಾತ ಹೋದರು. ಈ ಮನೆಯಲ್ಲಿ ನಾಲ್ಕು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇವೆ. ಬಂದ ನೆಂಟರಿಗೂ ಹೀಗೇ ಹೇಳಿದ್ದೇವೆ. ಅದು ನಿಜವಲ್ಲ.

ನಿಮ್ಮ ತಾತ ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಅಂಗಡಿ ಇಟ್ಟಿದ್ದು ನಿಮಗೆ ನೆನಪಿರಬಹುದು. ನೆಲದ ಮೇಲೆ ಬಿದ್ದಿದ್ದ ತಂತಿಯ ಚೂರು ಅಂಗಾಲಿಗೆ ಹೊಕ್ಕಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲಿನ ನೋವು ಗೊತ್ತಾಗುವುದಿಲ್ಲವಂತೆ. ಗೊತ್ತಾಗುವ ಹೊತ್ತಿಗೆ ಕಾಲು ಊದಿ ಕೀವು ತುಂಬಿತ್ತು. ಇಲ್ಲಿನ ಡಾಕ್ಟರು ಹಾಸನಕ್ಕೆ ಕಳಿಸಿದರು. ಅಲ್ಲಿ ಗಾಯ ಕೊಯ್ದು ಶುದ್ಧ ಮಾಡಿ ವಾರ್ಡಿಗೆ ಹಾಕಿದರು. ನಿಮ್ಮಪ್ಪ ಬೆಳಿಗ್ಗೆ ಅಂಗಡಿ ತೆಗೆದು ಸಂಜೆ ಬರುತ್ತಿದ್ದ. ಹಗಲು ನಾನೊಬ್ಬಳೇ.

ನಲವತ್ತು ಮಂಚದ ವಾರ್ಡಿಗೆ ಒಬ್ಬರೇ ಸ್ಟಾಫ್ ಸಿಸ್ಟರ್. ಅವರು ಕೆಟ್ಟವರಲ್ಲ. ಆದರೆ ಅವರು ನಡೆಯುವ ವೇಗಕ್ಕೇ ನನಗೆ ಭಯವಾಗುತ್ತಿತ್ತು. ಏನಾದರೂ ಕೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಮಂಚ ದಾಟಿರುತ್ತಿದ್ದರು. ಬಾಕಿ ಕೆಲಸವೆಲ್ಲ ನೀಲಿ ಕೋಟಿನ ಸ್ಟೂಡೆಂಟ್ ಹುಡುಗಿಯರದು. ನಮ್ಮ ಸಾಲಿಗೆ ಬರುತ್ತಿದ್ದವಳು ಅರಕಲಗೂಡು ಕಡೆಯ ಹಳ್ಳಿಯವಳು, ಎರಡನೇ ವರ್ಷದವಳು. ಅಪ್ಪ ಕಾಲುವೆಯ ನೀರುಗಂಟಿ, ತೂಬು ತೆಗೆದು ಗದ್ದೆಗೆ ನೀರು ಬಿಡುವ ಕೆಲಸ. ನೋಡಿದ್ದನ್ನೆಲ್ಲ ಅವಳು ಪೆನ್ನಿನಿಂದ ಎಡಗೈಯ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಜ್ವರ ಇಷ್ಟು, ಬಿಪಿ ಇಷ್ಟು, ಸಕ್ಕರೆ ಇಷ್ಟು. ಅಂಗೈ ತುಂಬಿದರೆ ಮಣಿಕಟ್ಟಿಗೆ ಹೋಗುತ್ತಿತ್ತು. ಆಮೇಲೆ ಟೇಬಲ್ಲಿನ ಹತ್ತಿರ ನಿಂತು ಕೈ ನೋಡಿಕೊಂಡು ಓದುತ್ತಿದ್ದಳು, ಸಿಸ್ಟರ್ ಪುಸ್ತಕದಲ್ಲಿ ಬರೆದು ಸೈನು ಹಾಕುತ್ತಿದ್ದರು. ಇದು ದಿನದ ಪದ್ಧತಿ. ನಾನಿದ್ದ ಹದಿನೆಂಟು ದಿನವೂ ಹೀಗೇ ನಡೆಯಿತು.

ಮೊದಲನೇ ಸಲ ನಿಮ್ಮ ತಾತನಿಗೆ ಸೂಜಿ ಕೊಡಲು ಬಂದಾಗ ಅವಳು ತಿರುಗಿ ತಿರುಗಿ ಟೇಬಲ್ಲಿನ ಕಡೆ ನೋಡುತ್ತಿದ್ದಳು. ಏನು ಮಗ ಎಂದೆ. "ನಾವು ಕೊಡೋವಾಗ ಸಿಸ್ಟರ್ ಪಕ್ಕದಾಗೆ ನಿಂತಿರ್ಬೇಕು ಅಂತ ರೂಲ್ಸ್ ಐತೆ ಅಜ್ಜಿ. ಅವರ್ಗೆ ಎಲ್ಲಿ ಟೈಮು" ಎಂದು ತಾನೇ ಕೊಟ್ಟಳು. ಕೈ ಹಗುರ. ನಿಮ್ಮ ತಾತನಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ. ಒಂದು ದಿನ ಸಿಸ್ಟರೇ ಟ್ರೇ ಹಿಡಿದು ಬಂದಾಗ ನಿಮ್ಮ ತಾತ ನನ್ನ ಮುಖ ನೋಡಿದರು. ನಾನು ಆ ಹುಡುಗಿಯ ಹತ್ತಿರ ಹೋಗಿ, ನೀನೇ ಕೊಡು ತಾಯಿ ಎಂದೆ. ಡಾಕ್ಟರನ್ನು ಕೇಳಬೇಕಾದ್ದನ್ನೂ ಅವಳನ್ನೇ ಕೇಳುತ್ತಿದ್ದೆ: ಕಾಲು ಉಳಿಯುತ್ತದಾ, ಯಾವಾಗ ಮನೆಗೆ ಕಳಿಸುತ್ತಾರೆ. ಅವಳಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿದ್ದಳು, ಆದರೂ ಕೇಳುತ್ತಿದ್ದೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಮಗುವಿನ ತಲೆಯ ಮೇಲೆ ಆಸ್ಪತ್ರೆಯೂ ಭಾರ ಹೇರಿತು, ನಾನೂ ಹೇರಿದೆ. ನನಗೆ ಅವಳು ಸುಲಭವಾಗಿದ್ದಳು, ಅಷ್ಟೇ.

ಇನ್ನು ಪೂಜೆಯ ವಿಷಯ. ಮೈ ಶುದ್ಧ ಮಾಡಿಕೊಂಡು ಲಿಂಗಪೂಜೆ ಆಗುವ ತನಕ ನಿಮ್ಮ ತಾತ ಬಾಯಿಗೆ ಏನೂ ಹಾಕಿದವರಲ್ಲ. ಮದುವೆಯಾಗಿ ಬಂದ ದಿನದಿಂದ ನಾನೂ ಅದಕ್ಕೆ ಮೊದಲು ತಟ್ಟೆ ಇಟ್ಟವಳಲ್ಲ. ಆಸ್ಪತ್ರೆಯಲ್ಲೂ ಮಂಚದ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ಕೊರಳಿನ ಲಿಂಗ ಅಂಗೈಗೆ ತೆಗೆದುಕೊಂಡು, ನೀರು ಹೂವು ಹಾಕಿ, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡ ಮೇಲೆಯೇ ಇಡ್ಲಿ. ಪೂಜೆಯ ಸಾಮಾನು ಒಂದು ಸಣ್ಣ ಬಟ್ಟೆ ಚೀಲದಲ್ಲಿ ಇರುತ್ತಿತ್ತು: ವಿಭೂತಿ ಗಟ್ಟಿ, ಪುಟ್ಟ ತಾಮ್ರದ ಗಿಂಡಿ, ಎಲೆಯಲ್ಲಿ ಸುತ್ತಿದ ಹೂವು. ಆ ಹುಡುಗಿ ಎರಡನೇ ದಿನವೇ ಇದನ್ನು ಗಮನಿಸಿದಳು. ಸೂಜಿ ಕೊಟ್ಟ ಅರ್ಧ ಗಂಟೆಗೆ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದುಹೋಗಿ ಪ್ರಾಣಕ್ಕೇ ಬರುತ್ತದೆ ಎಂದು ನನಗೆ ಬಿಡಿಸಿ ಹೇಳಿದಳು. ಅದಕ್ಕೇ ನಿಮ್ಮ ತಾತನದು ಕೊನೆಗೆ ಇಟ್ಟುಕೊಂಡಳು. ಬೇರೆ ಮಂಚಗಳನ್ನೆಲ್ಲ ಮುಗಿಸಿ ಬಂದು, "ಅಜ್ಜಿ, ತಾತಂದು ಪೂಜೆ ಆಯ್ತಾ?" ಎಂದು ಕೇಳಿ, ಆಯ್ತು ಎಂದರೆ ಮಾತ್ರ ಸೂಜಿ. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹದಿನೇಳನೆಯ ದಿನ ನಲ್ಲಿಯಲ್ಲಿ ನೀರು ತಡವಾಯಿತು, ಪೂಜೆಯೂ ತಡವಾಯಿತು. ಸಿಸ್ಟರ್ ಪುಸ್ತಕ ಹಿಡಿದುಕೊಂಡು ನಮ್ಮ ಮಂಚದ ಹತ್ತಿರವೇ ಬಂದರು. ಎಲ್ಲರದೂ ಮುಗಿದು ಈ ಒಂದು ಮಂಚದ್ದು ಯಾಕೆ ದಿನಾ ಬಾಕಿ ಎಂದು ಆ ಹುಡುಗಿಯನ್ನು ಕೇಳಿದರು. ಅವಳು ಕಾರಣ ಹೇಳಿದಳು. ಅವರು ನನ್ನ ಕಡೆ ತಿರುಗಿದರು. "ಇದು ವಾರ್ಡು ಕಣಮ್ಮ, ಮಠ ಅಲ್ಲ."

ಅಕ್ಕಪಕ್ಕದ ನಾಲ್ಕು ಮಂಚದವರು ನಕ್ಕರು. ಅಷ್ಟೇ ನಡೆದದ್ದು. ನಿಮಗೆ ಇದೇನೂ ದೊಡ್ಡದಾಗಿ ಕಾಣಿಸದಿರಬಹುದು. ನನಗೆ ಆ ದಿನವೆಲ್ಲ ಮೈ ಉರಿಯಿತು. ನಾಳೆ ಇನ್ನೊಂದು ಸಲ ಹಾಗೆ ಅನ್ನಿಸಿಕೊಳ್ಳಬಾರದು ಎಂಬುದೊಂದೇ ತಲೆಯಲ್ಲಿ ಉಳಿಯಿತು.

ಮಾರನೆಯ ದಿನ ದೊಡ್ಡ ಡಾಕ್ಟರು ಬೇಗ ರೌಂಡ್ಸಿಗೆ ಬರುತ್ತಾರೆ, ಏಳೂವರೆಗೆ ಎಲ್ಲ ಮುಗಿದಿರಬೇಕು ಎಂದು ವಾರ್ಡಿನಲ್ಲಿ ಗಡಿಬಿಡಿ. ನಿಮ್ಮ ತಾತ ಮೈ ಒರೆಸಿಕೊಂಡು ಕೂತಿದ್ದರು. ಇಡ್ಲಿ ತಂದು ಮುಚ್ಚಿಟ್ಟಿದ್ದೆ. ಗಿಂಡಿಗೆ ನೀರು ಹಿಡಿದುಕೊಂಡು ಬರಬೇಕು, ಪೂಜೆ ಆಗಬೇಕು, ಅಷ್ಟೇ ಬಾಕಿ. ಅಷ್ಟರಲ್ಲಿ ಅವಳು ಟ್ರೇ ಹಿಡಿದು ಬಂದಳು. ಟೇಬಲ್ಲಿನಿಂದ ಸಿಸ್ಟರ್ ಆಯ್ತಾ ಆಯ್ತಾ ಎಂದು ಕೂಗುತ್ತಿದ್ದರು.

"ಅಜ್ಜಿ, ತಾತಂದು ಪೂಜೆ ಆಯ್ತಾ?"

ನಾನು, "ಆಯ್ತು" ಎಂದೆ.

ನಿಮ್ಮ ತಾತ ನನ್ನ ಕಡೆ ಒಂದು ಸಲ ನೋಡಿದರು. ಅವರೂ ಹಿಂದಿನ ದಿನದ ನಗು ಕೇಳಿದ್ದರು. ಇನ್ನು ಹತ್ತು ನಿಮಿಷದ ಮಾತಲ್ಲವೇ ಎಂದುಕೊಂಡರೋ ಏನೋ, ಸುಮ್ಮನೆ ತೋಳು ಚಾಚಿದರು. ಅವಳು ಸೂಜಿ ಕೊಟ್ಟು, ಅರ್ಧ ಗಂಟೆಯೊಳಗೆ ತಿನ್ನಿಸಿ, ಮರೆಯಬೇಡಿ ಎಂದು ಹೇಳಿ, ಅಂಗೈ ಮೇಲೆ ಹೊತ್ತು ಬರೆದುಕೊಂಡು ಓಡಿದಳು. ನಾನು ಚೀಲ ಕಂಕುಳಲ್ಲಿ ಇಟ್ಟುಕೊಂಡು ನೀರು ಹಿಡಿಯಲು ಹೊರಗಿನ ನಲ್ಲಿಗೆ ಹೋದೆ. ಅಲ್ಲಿ ಇಬ್ಬರು ನನಗಿಂತ ಮುಂದೆ ಇದ್ದರು. ಗಿಂಡಿ ತುಂಬಿಕೊಂಡು ತಿರುಗಿ ಬರುವಷ್ಟರಲ್ಲಿ ವಾರ್ಡಿನ ಬಾಗಿಲು ಹಾಕಿತ್ತು. ರೌಂಡ್ಸ್ ಮುಗಿಯುವ ತನಕ ರೋಗಿಯ ಕಡೆಯವರು ಯಾರೂ ಒಳಗೆ ಇರುವ ಹಾಗಿಲ್ಲ ಎಂದು ಸೆಕ್ಯುರಿಟಿಯವನು ಎಲ್ಲರನ್ನೂ ಆಚೆ ಕಳಿಸಿದ್ದ.

ಅವನಿಗೆ ಹೇಳಬೇಕಾದ್ದು ಒಂದೇ ಮಾತು. ಯಜಮಾನರಿಗೆ ಸೂಜಿ ಆಗಿದೆ, ಇನ್ನೂ ತಿಂದಿಲ್ಲ, ಒಳಗೆ ಬಿಡು. ನನ್ನ ಬಾಯಿಂದ ಬರಲಿಲ್ಲ. ಹೇಳಿದರೆ ಸಿಸ್ಟರಿಗೆ ಗೊತ್ತಾಗುತ್ತದೆ, ಪೂಜೆ ಆಯ್ತು ಎಂದಿದ್ದೆ ಎಂದು ಆ ಹುಡುಗಿ ಹೇಳುತ್ತಾಳೆ, ಎಲ್ಲರ ಮುಂದೆ ಸುಳ್ಳುಗಾತಿಯಾಗುತ್ತೇನೆ. ಬೇಗ ಮುಗಿಯಬಹುದು ಎಂದುಕೊಂಡು ಗೋಡೆಗೆ ಒರಗಿ ನಿಂತೆ. ಬಾಗಿಲ ಗಾಜಿನಲ್ಲಿ ಬಿಳಿ ಕೋಟುಗಳು ಒಂದೊಂದೇ ಮಂಚಕ್ಕೆ ನಿಂತು ನಿಂತು ಹೋಗುವುದು ಕಾಣುತ್ತಿತ್ತು. ಒಂದು ಸಲ ಆ ಹುಡುಗಿ ಯಾವುದೋ ಫೈಲು ತೆಗೆದುಕೊಳ್ಳಲು ಬಾಗಿಲ ತೀರ ಹತ್ತಿರಕ್ಕೆ ಬಂದಳು. ನಾನು ಕೈ ಎತ್ತಿದೆ, ಭುಜದ ತನಕ. ಒಳಗಿನಿಂದ ಯಾರೋ ಕರೆದರು, ಅವಳು ತಿರುಗಿದಳು. ನಾನು ಕೈ ಇಳಿಸಿದೆ. ಗಿಂಡಿಯ ನೀರು ಸೀರೆಯ ಮೇಲೆ ಚೆಲ್ಲಿತ್ತು.

ಒಂದೂವರೆ ಗಂಟೆ ನಿಂತಿದ್ದೆ.

ಒಳಗೆ ಆದದ್ದನ್ನು ಪಕ್ಕದ ಮಂಚದವರು ಆಮೇಲೆ ಹೇಳಿದರು. ನಿಮ್ಮ ತಾತ ಬೆವರುತ್ತಿದ್ದರಂತೆ. ಇಡ್ಲಿ ತಿನ್ನಿ ಯಜಮಾನ್ರೇ ಎಂದು ಅವರು ಎರಡು ಸಲ ಹೇಳಿದರಂತೆ. ನಿಮ್ಮ ತಾತ "ಅವ್ಳು ಬರ್ಲಿ" ಎಂದರಂತೆ. ಆಮೇಲೆ ಮಾತು ತೊದಲಿತಂತೆ. ಡಾಕ್ಟರು ಆ ಸಾಲಿಗೆ ಬರುವಷ್ಟರಲ್ಲಿ ಗೋಡೆಯ ಕಡೆ ವಾಲಿಬಿಟ್ಟಿದ್ದರು. ಬಾಗಿಲು ತೆಗೆದದ್ದು ಅವರನ್ನು ಐಸಿಯುಗೆ ತಳ್ಳಿಕೊಂಡು ಹೋಗಲು. ಆ ಹುಡುಗಿ ಸ್ಟ್ರೆಚರಿನ ಹಿಂದೆ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು ಓಡುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಬಂದು ನನ್ನ ಮುಂದೆ ನಿಂತಳು. ತಾತ ತಿಂದಿರಲಿಲ್ಲವಾ ಎಂದು ಕೇಳಿದಳು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಅವಳ ಕಣ್ಣು ನನ್ನ ಕಂಕುಳಿನ ಚೀಲದ ಮೇಲೆ ನಿಂತಿತು, ಗಿಂಡಿಯ ಮೇಲೆ ನಿಂತಿತು. ಅವಳಿಗೆ ಎಲ್ಲ ಅರ್ಥವಾಯಿತು. ತಿರುಗಿ ಐಸಿಯು ಕಡೆ ಹೋದಳು.

ನಿಮ್ಮ ತಾತ ಕಣ್ಣು ಬಿಟ್ಟರು, ಆದರೆ ಯಾರನ್ನೂ ಗುರುತು ಹಿಡಿಯಲಿಲ್ಲ. ಐದನೆಯ ದಿನ ಹೋದರು.

ತಿಥಿ ಮುಗಿಯುವ ಮೊದಲೇ ನಿಮ್ಮಪ್ಪ ಆಸ್ಪತ್ರೆಗೆ ದೂರು ಬರೆದು ಕೊಟ್ಟಿದ್ದ. ಅವನ ಮೇಲೆ ನನಗೆ ಕೋಪವಿಲ್ಲ. ಅಪ್ಪನನ್ನು ಗಾಯದ ಕಾಲಿಗೆಂದು ಸೇರಿಸಿದವನು ಅಪ್ಪನ ಹೆಣ ತಂದ. ಯಾರಾದರೂ ಉತ್ತರ ಹೇಳಬೇಕಿತ್ತು. ನಾನು ಅವನಿಗೆ ಸೂಜಿ ಕೊಟ್ಟದ್ದು, ಊಟ ಆಗದೆ ಇದ್ದದ್ದು ಹೇಳಿದ್ದೆ. ನನ್ನ ಬಾಯಿಂದ ಬಂದ ಆ ಒಂದು ಮಾತನ್ನು ಹೇಳಿರಲಿಲ್ಲ.

ನಮ್ಮನ್ನು ಹಾಸನಕ್ಕೆ ಕರೆಸಿದರು. ಆಫೀಸಿನ ಕೋಣೆಯಲ್ಲಿ ಆಸ್ಪತ್ರೆಯ ದೊಡ್ಡವರು, ಅವಳ ಕಾಲೇಜಿನ ಮೇಡಂ, ಸ್ಟಾಫ್ ಸಿಸ್ಟರ್. ಮೂಲೆಯಲ್ಲಿ ಅವಳು. ಬಾಗಿಲ ಹೊರಗೆ ಟವೆಲು ಕೈಯಲ್ಲಿ ಹಿಡಿದು ಅವಳಪ್ಪ ನಿಂತಿದ್ದರು, ಅವರಿಗೆ ಒಳಗೆ ಕುರ್ಚಿ ಹಾಕಿರಲಿಲ್ಲ. ಮೊದಲು ಸಿಸ್ಟರನ್ನು ಕೇಳಿದರು. ಪುಸ್ತಕದಲ್ಲಿ ಆವತ್ತಿನ ಸೂಜಿಯ ಮುಂದೆ ಅವರದೇ ಸೈನು ಇತ್ತು. ಸ್ಟೂಡೆಂಟ್‌ಗಳು ಒಬ್ಬರೇ ಕೊಡಬಾರದು ಎಂದು ಹೇಳಿಯೇ ಇದ್ದೇವೆ, ಇವಳು ತಾನಾಗಿ ಹೋಗಿ ಕೊಟ್ಟಿದ್ದಾಳೆ ಎಂದರು. ಅವರಿಗೂ ಮನೆ ಮಕ್ಕಳು ಇದ್ದಿರಬೇಕು. ದಿನಾ ಹೀಗೇ ನಡೆಯುತ್ತದೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಕಾಲೇಜಿನ ಮೇಡಂಗೂ ಗೊತ್ತಿತ್ತು. ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಅವಳನ್ನು ಕೇಳಿದರು. ಅವಳು ಜೋರಾಗಿ ಮಾತಾಡಲಿಲ್ಲ. "ಪೂಜೆ ಆಯ್ತಾ ಅಂತ ಕೇಳ್ದೆ ಸಾ. ಆಯ್ತು ಅಂದ್ರು ಅಜ್ಜಿ" ಎಂದಳು.

ದೊಡ್ಡವರು ನನ್ನ ಕಡೆ ನೋಡಿದರು. ಹೌದೇನಮ್ಮ ಎಂದರು. ಮೇಷ್ಟರು ಪ್ರಶ್ನೆ ಕೇಳಿದಾಗ ಆಗುತ್ತಿದ್ದ ಹಾಗೇ ಆಯಿತು, ಕಾಲು ನೆಲಕ್ಕೆ ಅಂಟಿಕೊಂಡಿತು. ಉತ್ತರ ನಾಲಗೆಯ ಮೇಲೇ ಇತ್ತು. ನಿಮ್ಮಪ್ಪ ಎದ್ದು ನಿಂತ.

"ನಮ್ಮವ್ವ ಯಾಕಂಗಂತಾರೆ ಸಾ? ಮದ್ವೆ ಆಗ್ ಬಂದಾಗಿಂದ ಪೂಜೆ ಆಗ್ದೆ ನಮ್ಮಪ್ಪಂಗೆ ಒಂದ್ ಲೋಟ ಕಾಫಿ ಕೊಟ್ಟೋರಲ್ಲ ಅವ್ರು. ಅಂಥೋರು ಆಗ್ದಿರೋ ಪೂಜೆನ ಆಯ್ತು ಅಂತಾರಾ?"

ಅವನು ಅದನ್ನು ನಂಬಿ ಹೇಳಿದ. ನನ್ನ ಒಳ್ಳೆಯತನವನ್ನೇ ಎತ್ತಿ ಆ ಮಗುವಿನ ಮೇಲೆ ಹಾಕಿದ. ಕೋಣೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಕಾಲುಂಗುರ ತೆಗೆದ ಬೆರಳು ನೋಡುತ್ತಾ ಕೂತಿದ್ದೆ. ಅವಳು ಕೇಳದೆಯೇ ಸೂಜಿ ಕೊಟ್ಟಳು ಎಂದು ಬರೆದ ಕಾಗದ ಮುಂದಿಟ್ಟರು. ಮುತ್ತಿನ ಹಾಗೆ ಬರೆಯುತ್ತೀಯ ಎಂದು ಮೇಷ್ಟರು ಹೊಗಳುತ್ತಿದ್ದ ಅಕ್ಷರದಲ್ಲಿ ಅದರ ಕೆಳಗೆ ಹೆಸರು ಬರೆದೆ.

ಅವಳನ್ನು ವಾರ್ಡಿನಿಂದ ತೆಗೆದರು, ಆ ವರ್ಷದ ಓದು ಕಟ್ ಮಾಡಿದರು. ಮತ್ತೆ ಸೇರಿಸಲು ಅವಳಪ್ಪ ಒಪ್ಪಲಿಲ್ಲವಂತೆ. ಇದನ್ನು ಅವಳ ಜೊತೆಯ ಹುಡುಗಿಯೊಬ್ಬಳು ನಿಮ್ಮಪ್ಪನಿಗೆ ಹೇಳಿದ್ದಳು, ಅವನು ಸಮಾಧಾನದಿಂದ ಬಂದು ನನಗೆ ಹೇಳಿದ. ಎರಡು ವರ್ಷದ ಮೇಲೆ ಅದೇ ನಿಮ್ಮಪ್ಪ, ಡಾಕ್ಟರು ಸೀಟು ಸಿಗದೆ ಹೋದಾಗ ಮಗಳನ್ನು ನರ್ಸಿಂಗಿಗೆ ಸೇರಿಸಿದ. ಈಗ ಅವಳು ಒಬ್ಬಳೇ ಸೂಜಿ ಕೊಡುತ್ತಾಳೆ ಎಂದರೆ ಅವನಿಗೆ ಹೆಮ್ಮೆ.

ಕಲಿಯುವ ಮಕ್ಕಳ ಕೈಗೆ ಕೆಲಸ ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಮುಟ್ಟದೆ ಕೈ ಕಲಿಯುವುದಿಲ್ಲ. ನಿಮ್ಮ ತಾತನ ಅಂಗಡಿಯಲ್ಲೂ ಕೆಲಸ ಕಲಿಯುವವರು ಇದ್ದರು. ಸುರುಳಿ ಸುತ್ತಲು ಬಿಡುತ್ತಿದ್ದರು, ಬಿಚ್ಚಲು ಬಿಡುತ್ತಿದ್ದರು. ಕರೆಂಟು ಕೊಡುವ ಮುಂಚೆ ಮಾತ್ರ ತಾವೇ ಎದ್ದು ಬಂದು ಒಂದೊಂದು ತಂತಿ ಮುಟ್ಟಿ ನೋಡುತ್ತಿದ್ದರು. ಅಷ್ಟಾದರೂ ಮೋಟಾರು ಸುಟ್ಟರೆ ಗಿರಾಕಿಯ ಮುಂದೆ, ನನ್ನ ಅಂಗಡೀಲಿ ಸುಟ್ಟಿತು, ನಾನು ಮಾಡಿಕೊಡ್ತೀನಿ ಎನ್ನುತ್ತಿದ್ದರು. ಯಾರು ಸುತ್ತಿದ್ದು ಎಂದು ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಮೋಟಾರಿಗೆ ಇದ್ದ ಈ ರೀತಿ ಮನುಷ್ಯರಿರುವ ವಾರ್ಡಿನಲ್ಲಿ ಇರಲಿಲ್ಲ. ಕೆಲಸ ಮಾಡುವಾಗ ಅವಳು ಪೂರಾ ನರ್ಸು, ತಪ್ಪು ಬಂದಾಗ ಬರೀ ಸ್ಟೂಡೆಂಟು.

ಹಬ್ಬ ಕಳೆದು ದೊಡ್ಡವಳು ಹಾಸ್ಟೆಲಿಗೆ ಹೋದ ಮೂರನೆಯ ದಿನ, ತವರಿಗೆ ಹೋಗಿಬರುತ್ತೇನೆ ಎಂದು ನಿಮ್ಮಮ್ಮನಿಗೆ ಹೇಳಿ ಹೊರಟೆ. ಚನ್ನರಾಯಪಟ್ಟಣದ ಬಸ್ಸು ಹತ್ತಬೇಕಾದವಳು ಅರಕಲಗೂಡಿನ ಬಸ್ಸು ಹತ್ತಿದೆ. ಅವಳ ಊರಿನ ಹೆಸರು ನೆನಪಿತ್ತು. ಅಲ್ಲಿ ಇಳಿದು ನೀರುಗಂಟಿಯವರ ಮನೆ ಕೇಳಿದೆ. ಅವಳ ತಾಯಿ ನೀರು ಕೊಟ್ಟು ಯಾರು ನೀವು ಎಂದರು. ನಾನು, ಬ್ಲೌಸ್ ಹೊಲಿಸಬೇಕಿತ್ತು ಎಂದೆ, ಏಕೆಂದರೆ ಜಗುಲಿಯ ಮೇಲೆ ಹೊಲಿಗೆ ಮೆಷಿನ್ನಿನ ಹಳೆಯ ಸ್ಟ್ಯಾಂಡು ಬಿದ್ದಿತ್ತು. ಅಲ್ಲೂ ಒಂದು ಸುಳ್ಳು. ಮಗಳಿಗೆ ಮದುವೆಯಾಗಿದೆ, ಅರಕಲಗೂಡು ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದಾಳೆ ಎಂದರು.

ಚಿಕ್ಕ ಅಂಗಡಿ. ಅವಳು ಒಬ್ಬ ಹೆಂಗಸಿನ ಅಳತೆ ತೆಗೆದುಕೊಳ್ಳುತ್ತಿದ್ದಳು. ಟೇಪು ಹಿಡಿದು ನೋಡಿ, ಪೆನ್ನಿನಿಂದ ಎಡಗೈಯ ಅಂಗೈ ಮೇಲೆ ಬರೆದುಕೊಂಡಳು. ನನಗೆ ಅಲ್ಲೇ ತಿರುಗಿ ಹೋಗಿಬಿಡೋಣ ಅನ್ನಿಸಿತು. ಅವಳು ತಲೆ ಎತ್ತಿ ನೋಡಿ ಗುರುತು ಹಿಡಿದಳು. ಕೂತ್ಕೊಳ್ಳಿ ಅಜ್ಜಿ ಎಂದು ಸ್ಟೂಲು ತಳ್ಳಿ, ಆ ಹೆಂಗಸನ್ನು ಕಳಿಸಿ, ಮೆಷಿನ್ನಿನ ಮುಂದೆ ಕೂತಳು.

"ಆವತ್ತು ಪೂಜೆ ಆಗಿರ್ಲಿಲ್ಲ ಮಗ" ಎಂದೆ.

"ಗೊತ್ತು. ಚೀಲ ನಿಮ್ ಕಂಕ್ಳಲ್ಲೇ ಇತ್ತಲ್ಲ."

"ಆಫೀಸ್ನಲ್ಲಿ ನಾನು ಹೇಳ್ಬೇಕಾಗಿತ್ತು."

"ಹೇಳ್ಬೇಕಾಗಿತ್ತು" ಎಂದಳು. ಸೂಜಿಗೆ ದಾರ ಏರಿಸುತ್ತಿದ್ದಳು. ಏರಿಸಿ ತುದಿ ಕತ್ತರಿಸಿದಳು. ಆಮೇಲೆ ಹೇಳಿದಳು, "ನಿಮ್ ಮಾತು ಕೇಳ್ಬಾರ್ದಾಗಿತ್ತು ನಾನು. ತಾತನ ಹಣೆ ನೋಡಿದ್ರೆ ಸಾಕಾಗಿತ್ತು. ಇಬೂತಿ ಇರ್ಲಿಲ್ಲ. ದಿನಾ ಇರೋದು, ಆವತ್ತಿರ್ಲಿಲ್ಲ. ನಾನು ತೋಳು ನೋಡ್ದೆ, ಮುಖ ನೋಡ್ಲಿಲ್ಲ. ಅಷ್ಟು ನಂದು ಅಜ್ಜಿ. ಅಷ್ಟನ್ನ ಯಾರೂ ನನ್ನ ಕೇಳ್ಲೇ ಇಲ್ಲ. ನಂದಲ್ದೇ ಇದ್ದದ್ದನ್ನೆಲ್ಲ ನನ್ ಮೇಲಾಕಿದ್ರು."

ಕಾಲೇಜಿಗೆ ಬಂದು ಹೇಳುತ್ತೇನೆ, ಬರೆದು ಕೊಡುತ್ತೇನೆ ಎಂದೆ. ಈಗ ಯಾರಿಗೆ ಬೇಕು ಎಂದಳು. ಮಗು ಅತ್ತೆಯ ಹತ್ತಿರ ಇದೆ, ಮಧ್ಯಾಹ್ನ ಹೋಗಬೇಕು ಎಂದಳು. ನಾನು ಏಳುವಾಗ ಮಾತ್ರ ಒಂದು ಮಾತು ಸೇರಿಸಿದಳು.

"ಹೇಳೋದೇ ಆದ್ರೆ ನಮ್ಮಪ್ಪನ ಮುಂದೆ ಹೇಳಿ. ಆವತ್ತು ಬಾಗ್ಲಾಚೆ ನಿಂತಿದ್ರು. ನಿಮ್ ಮಗ ಹೇಳಿದ್ದೇ ಅವ್ರ ತಲೇಲಿ ಕೂತೈತೆ."

ಮತ್ತೆ ಅವಳ ಊರಿಗೆ ಬಸ್ಸು ಹತ್ತಿದೆ. ಅವಳಪ್ಪ ಕಾಲುವೆಯ ಏರಿಯ ಮೇಲೆ ತೂಬಿನ ಹತ್ತಿರ ಕೂತಿದ್ದರು. ನಾನು ಯಾರೆಂದು ಹೇಳಿದೆ. ಎದ್ದು ನಿಂತರು, ಟವೆಲು ಹೆಗಲಿನಿಂದ ಕೈಗೆ ಬಂತು, ಆವತ್ತು ಬಾಗಿಲಲ್ಲಿ ನಿಂತಿದ್ದ ಹಾಗೇ. ಅವರು ಹಾಗೆ ನಿಂತದ್ದನ್ನು ನೋಡಿ ನನಗೆ ಮಾತು ಬಂತು. ನಿಮ್ಮ ಮಗಳು ಕೇಳಿದ್ದಳು, ದಿನಾ ಕೇಳುತ್ತಿದ್ದಳು, ಆವತ್ತೂ ಕೇಳಿದಳು, ಆಯ್ತು ಎಂದು ಸುಳ್ಳು ಹೇಳಿದವಳು ನಾನು, ಕಾಗದಕ್ಕೆ ಹೆಸರು ಬರೆದವಳೂ ನಾನು ಎಂದೆ. ಒಂದೇ ಉಸಿರಿಗೆ ಹೇಳಿದೆ. ನನ್ನ ಜೀವಮಾನದಲ್ಲಿ ಎದ್ದು ನಿಂತು ಹೇಳಿದ ಉತ್ತರ ಅದೊಂದೇ.

ಅವರು ಬಗ್ಗಿ ತೂಬಿನ ಬಾಯಿಗೆ ಸಿಕ್ಕಿದ್ದ ಕಡ್ಡಿ ಕಸ ತೆಗೆದು ಆಚೆ ಹಾಕಿದರು.

"ನಂಗೆ ಬಿಪಿ ಐತೆ ಕಣವ್ವ" ಎಂದರು. "ದಿನಾ ಮಾತ್ರೆ ನುಂಗ್ಬೇಕು. ನಮ್ ಹುಡ್ಗಿ ಮನೇಗ್ ಬಂದಾಗೆಲ್ಲ ಡಬ್ಬಿ ತಗೊಂಡು ಕೊಡಕ್ ಬರೋದು. ನಾಕು ವರ್ಸದಿಂದ ಅದರ ಕೈಲಿ ಒಂದು ಮಾತ್ರೆ ಇಸ್ಕೊಂಡಿಲ್ಲ ನಾನು. ಮಡಗೋಗು, ನಾನೇ ತಗೋತೀನಿ ಅಂತಿದ್ದೆ."

ಅಷ್ಟು ಹೇಳಿ ತೂಬಿನ ಕಡೆ ತಿರುಗಿದರು. ನನಗೆ ಬಯ್ಯಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ, ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ನಾನು ಏರಿ ಇಳಿದು ರಸ್ತೆಗೆ ಬಂದೆ.

ಇದನ್ನು ಹೇಳಿದ್ದರಿಂದ ನನ್ನ ಎದೆಯ ಭಾರ ಇಳಿಯಿತು ಎಂದು ನೀವು ಅಂದುಕೊಳ್ಳಬೇಡಿ. ಇಳಿದಿಲ್ಲ. ಮೊದಲು ಅವಳ ಓದು ಹೋಯಿತು ಎಂದಷ್ಟೇ ಗೊತ್ತಿತ್ತು. ಈಗ ಆ ಮಾತ್ರೆಯ ಡಬ್ಬಿಯೂ ಗೊತ್ತಾಯಿತು.

ದೊಡ್ಡವಳೇ, ನಾನು ಹುಷಾರು ಎಂದೆಯಲ್ಲ, ಅವಳು ನಿನಗಿಂತ ಹುಷಾರಿದ್ದಳು. ಸೂಜಿ ಹಿಡಿದಾಗ ಪಕ್ಕದಲ್ಲಿ ಬಂದು ನಿಲ್ಲಿ ಎಂದು ನಿಮ್ಮ ಸಿಸ್ಟರನ್ನು ಕರೆ. ಬಯ್ಯಲಿ, ಆದರೂ ಕರೆ. ಬರದಿದ್ದರೆ ಟ್ರೇ ಕೆಳಗಿಡು. ಮಂಚದ ಪಕ್ಕ ಕೂತ ನನ್ನಂಥ ಮುದುಕಿ ಏನೇ ಹೇಳಿದರೂ, ಮಲಗಿದವರ ಮುಖ ಒಂದು ಸಲ ನೋಡು. ಅಷ್ಟು ನಿನ್ನದು. ಅದಕ್ಕಿಂತ ಹೆಚ್ಚಿನದನ್ನು ನಿನ್ನ ತಲೆಗೆ ಕಟ್ಟಲು ಬಂದರೆ, ನಿನ್ನ ಅಜ್ಜಿಯ ಹಾಗೆ ಕಾಲ ಬೆರಳು ನೋಡುತ್ತಾ ಕೂರುವವರೇ ಆ ಕೋಣೆಯಲ್ಲಿ ತುಂಬಿರುತ್ತಾರೆ, ನೆನಪಿಟ್ಟುಕೋ.

ಈ ಹಾಳೆಗಳನ್ನು ನಿಮಗೆ ಕೊಡುವ ಮೊದಲು ನಿಮ್ಮಪ್ಪನಿಗೆ ಕೊಡುತ್ತೇನೆ. ಅವನು ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾನೆ. ಇವತ್ತು ತಟ್ಟೆ ಹಾಕಿ ಒಳಗೆ ಹೋಗುವುದಿಲ್ಲ, ಅವನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ.